ಅರಗಿನಲ್ಲಿ ಉಳಿದ ಕಂಠ

ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳಿಗೆ ಗುಂಪುಗುಂಪಾಗಿ ಅಂಟಿಕೊಂಡು, ಅವುಗಳ ರಸವನ್ನೇ ಹೀರಿ ಬದುಕುವ ಸಣ್ಣ ಕೀಟವೊಂದು ತನ್ನ ಮೈಗಾವಲಿಗೆಂದು ಸ್ರವಿಸುವ ಅಂಟೇ ಅರಗು. ಪಾಂಡವರನ್ನು ಸುಡುವುದಕ್ಕಾಗಿ ವಾರಣಾವತದಲ್ಲಿ ಮನೆಯಾಗಿ ನಿಂತದ್ದು ಈ ಅರಗೇ. ಹೈದರಾಬಾದಿನ ಚಾರ್ಮಿನಾರದ ಮಗ್ಗುಲಲ್ಲಿರುವ ಲಾಡ್ ಬಜಾರಿನಲ್ಲಿ, ಕೆಂಡದ ಕಾವಿಗೆ ಮೆತ್ತಗಾಗಿ, ಬಳೆಯಾಗಿ ಬಾಗಿ, ಮೈತುಂಬ ಹರಳುಗಳನ್ನು ಧರಿಸಿ, ಮದುವಣಗಿತ್ತಿಯರ ಮುಂಗೈಗಳನ್ನು ಇಂದಿಗೂ ಅಲಂಕರಿಸುತ್ತಿರುವುದೂ ಈ ಅರಗೇ. ಆ ಬೀದಿಯಲ್ಲಿ ನಡೆಯುವಾಗಲೆಲ್ಲ ನನಗೆ ನೆನಪಾಗುವುದು ಅರಗಿನ ಇನ್ನೊಂದು ಅವತಾರ. ನುಣ್ಣನೆಯ ಕಲ್ಲುಹುಡಿಯನ್ನೂ ಹತ್ತಿಯ ಎಳೆಗಳನ್ನೂ ಕಾಡಿಗೆಯನ್ನೂ ಇದರೊಡನೆ ಬೆರೆಸಿ, ಕಾಯಿಸಿ, ಅಚ್ಚುಗಳ ನಡುವೆ ಒತ್ತಿ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜಗತ್ತು ತನ್ನ ಹಾಡಿನ ಪ್ಲೇಟುಗಳನ್ನು ಮಾಡಿಕೊಂಡಿತು; ಅದಕ್ಕೆ ಬೇಕಾದ ಅರಗಿನ ಬಹುಭಾಗವನ್ನು ಒದಗಿಸಿದವು ನಮ್ಮ ದೇಶದ ಕಾಡುಗಳು. ಲಂಡನ್ನಿನಲ್ಲಿ ಹಾಡಿದವರ ದನಿಯೂ ನ್ಯೂಯಾರ್ಕಿನಲ್ಲಿ ಹಾಡಿದವರ ದನಿಯೂ ನಮ್ಮ ಮರಗಳ ಅರಗಿನಲ್ಲಿ ನೆಲೆ ಕಂಡವೆಂಬುದು ನನಗೆ ಬಹು ಪ್ರಿಯವಾದ ಸಂಗತಿ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು, ಹೋಟೆಲಿನ ಕೋಣೆಯೊಂದರಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಮುದ್ರಣಕ್ಕೆ ವಿದ್ಯುತ್ತಿನ ನೆರವಿಲ್ಲದ ಕಾಲವದು. ಗಾಯಕಿಯು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ದನಿಯ ಒತ್ತಡದಿಂದಲೇ ಕಹಳೆಯ ತುದಿಯ ತೆಳುಪೊರೆ ಅದುರಿ, ಆ ಅದುರಿನಿಂದಲೇ ಮುಳ್ಳು ಅಲುಗಿ, ತಿರುಗುತ್ತಿರುವ ಮೇಣದ ಬಿಲ್ಲೆಯ ಮೇಲೆ ಗೀರು ಮೂಡಬೇಕು. ಮುಳ್ಳನ್ನು ಅಲುಗಿಸುತ್ತಿದ್ದ ಶಕ್ತಿ ಕಂಠದ್ದೇ ಹೊರತು ಬೇರೆಯಲ್ಲ. ಹೀಗೆ ಮುದ್ರಿತವಾದುದು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಮರಳುತ್ತಿದ್ದುದರಿಂದ, ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು, ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಆ ಘೋಷಣೆಯಲ್ಲಿನ ಠೀವಿಯನ್ನು ಕೇಳಿದವರು ಮರೆಯಲಾರರು. ನಾಡಿಗೆ ನಾಡೇ ಕೇಳಿದ್ದ ಈ ಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷಕ್ಕೆ ತುಸು ಹೆಚ್ಚು ಮಾತ್ರ. ಗಂಟೆಗಟ್ಟಲೆ ವಿಸ್ತರಿಸಬಹುದಾದ ಖಯಾಲನ್ನು ಇಷ್ಟರೊಳಗೆ ಅಡಗಿಸಿದ್ದು ಸಂಗೀತಕ್ಕೆ ಮಾಡಿದ ಅಪಚಾರವೆಂದು ಮರುಗುವ ವಿದ್ವಾಂಸರನ್ನು ನಾನು ಕಂಡಿದ್ದೇನೆ. ಅವರ ಮಾತನ್ನು ಗೌರವದಿಂದ ಕೇಳಿಯೂ ಒಪ್ಪಲಾರದವನಾಗಿದ್ದೇನೆ. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ಕೇಳಿರಿ. ಮುಂದೆ ಹೇಳಬೇಕಾದುದನ್ನೆಲ್ಲ ಮೊದಲ ಸ್ವರದಲ್ಲಿಯೇ ಸೂಚಿಸಿ, ಒಂದು ಪಲುಕನ್ನೂ ವ್ಯರ್ಥಗೊಳಿಸದೆ, ಅವಸರದ ಸುಳಿವನ್ನೂ ತೋರದೆ, ಅವರು ರಾಗದ ಹೃದಯಕ್ಕೆ ನಮ್ಮನ್ನು ಕೊಂಡೊಯ್ಯುವ ಬಗೆಯನ್ನು ಬಲ್ಲವನು ಕಾಲಾವಧಿಯ ಸಂಕೋಚವನ್ನು ದೂಷಿಸನು. ನಾಲ್ಕು ಸಾಲಿನ ಮುಕ್ತಕವು ಮಹಾಕಾವ್ಯಕ್ಕೆ ಸಾಟಿಯಾಗಬಲ್ಲದೆಂದು ನಮ್ಮ ಆಲಂಕಾರಿಕರು ಒಪ್ಪಿಲ್ಲವೆ? ಗದಗಿನ ಸೀಮೆಯ ಹುಡುಗನೊಬ್ಬನು ಅಂಗಡಿಯೊಂದರಲ್ಲಿ ಇದೇ ಪ್ಲೇಟನ್ನು ಕೇಳಿ, ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಅರಸುತ್ತ ಮನೆಬಿಟ್ಟು ಹೊರಟನು. ಊರೂರು ಅಲೆದು, ಕಡೆಗೆ ಕರೀಂ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ನಿಂತನು. ಭೀಮಸೇನ ಜೋಶಿಯವರನ್ನು ನಮಗೆ ಕೊಟ್ಟದ್ದರಲ್ಲಿ ಆ ಮೂರು ನಿಮಿಷಗಳ ಪಾಲು ಸಣ್ಣದಲ್ಲ.

ಇನ್ನೊಂದು ಉಪಕಾರವನ್ನು ಹೇಳದಿರಲಾರೆ. ಗಂಗೂಬಾಯಿ ಹಾನಗಲ್ಲರ ಗಂಭೀರವಾದ, ಗಂಡುದನಿಯೆಂಬಂತಹ ಕಂಠವನ್ನು ಎಲ್ಲರೂ ಬಲ್ಲರು. ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲು ಅದೇ ಕಂಠವು ಎಷ್ಟು ಎತ್ತರದಲ್ಲಿ, ಎಷ್ಟು ತೆಳುವಾಗಿ, ಎಷ್ಟು ಮಧುರವಾಗಿ ಸಂಚರಿಸುತ್ತಿತ್ತೆಂಬುದಕ್ಕೆ ಸಾಕ್ಷಿ ನುಡಿಯುವವು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಮೊದಮೊದಲ ಪ್ಲೇಟುಗಳು.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯವರು, ನಿಮಿಷಕ್ಕೆ 33⅓ ಸುತ್ತು ತಿರುಗುವ, ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ಹಾಡುವ ಎಲ್.ಪಿ.ಯನ್ನು ತಂದಮೇಲೆ, ಅರಗಿನ ಸ್ಥಾನವನ್ನು ವಿನೈಲು ಆಕ್ರಮಿಸಿತು. ರಾಗಕ್ಕೆ ಉಸಿರಾಡಲು ಎಡೆ ದೊರೆಯಿತು. ಎಲ್.ಪಿ.ಯ ಒಂದು ಮಗ್ಗುಲಿನ ಗೀರನ್ನು ಬಿಚ್ಚಿ ನೆಟ್ಟಗೆ ಹಾಸಲು ಸಾಧ್ಯವಾದರೆ ಅದು ಅರ್ಧ ಕಿಲೋಮೀಟರಿನಷ್ಟು ಉದ್ದವಾದೀತು. ಇಷ್ಟುದ್ದದ ಗೀರು ಒತ್ತೊತ್ತಾಗಿ ಸುತ್ತಿಕೊಂಡಿರಬೇಕು; ಆದರೆ ಮಂದ್ರದ ಅಲೆಗಳು ವಿಶಾಲವಾದುವು, ಅವನ್ನು ಇದ್ದಂತೆಯೇ ಕೊರೆದರೆ ಒಂದು ಗೀರು ಪಕ್ಕದ ಗೀರನ್ನು ಒಡೆದುಬಿಡುತ್ತದೆ. ಆದುದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಹೆಚ್ಚಿಸುತ್ತಾರೆ, ನುಡಿಸುವ ಯಂತ್ರವು ಅದನ್ನು ತಿರುಗುಮುರುಗಾಗಿಸಿ ಮೂಲದ ಸಮತೋಲವನ್ನು ಮರಳಿಸುತ್ತದೆ. ಇದನ್ನರಿತ ಮೇಲೆ ಬಡೇ ಗುಲಾಮ್ ಅಲಿ ಖಾನರು ತಾರಷಡ್ಜದಿಂದ ಒಮ್ಮೆಲೇ ಮಂದ್ರಕ್ಕೆ ಇಳಿಯುವುದನ್ನು ಕಾಚಿಗುಡದ ನನ್ನ ಮನೆಯಲ್ಲಿ ಕುಳಿತು ಕೇಳುವಾಗ ನನ್ನ ವಿಸ್ಮಯ ಇಮ್ಮಡಿಯಾಯಿತು. ಅವರು 1968ರಲ್ಲಿ ದೇಹಬಿಟ್ಟದ್ದು ಇದೇ ನಗರದ ಬಶೀರ್‌ಬಾಗ್ ಅರಮನೆಯಲ್ಲಿ. ಅವರ ಪ್ಲೇಟನ್ನು ಹೈದರಾಬಾದಿನಲ್ಲಿ ಕೇಳುವುದು ಅವರ ಮನೆಯಂಗಳದಲ್ಲಿ ಕೇಳಿದಂತೆಯೇ ಎಂದು ನನ್ನ ಭಾವನೆ.

ಪ್ಲೇಟಿನಲ್ಲಿ ಕೊರತೆಗಳಿಲ್ಲವೆಂದಲ್ಲ. ಮುಳ್ಳು ನಡುವಿಗೆ ಸರಿದಂತೆಲ್ಲ ಅದರಡಿ ಹಾಯುವ ಗೀರಿನ ವೇಗ ಕುಗ್ಗಿ, ತಾರಸ್ವರಗಳ ಹೊಳಪು ತುಸು ಮಾಸುತ್ತದೆ, ಧೂಳು ಚಿಟಿಚಿಟಿಗುಟ್ಟುತ್ತದೆ. ಶುದ್ಧತೆಯೊಂದನ್ನೇ ಅಳೆಯುವುದಾದರೆ ಇಂದಿನ ಡಿಜಿಟಲ್ ಮುದ್ರಣವೇ ಮೇಲೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಾಗಿದ್ದೂ 2022ರಲ್ಲಿ ಅಮೆರಿಕದ ಜನರು ಸಿ.ಡಿ.ಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ವಿನೈಲ್ ಪ್ಲೇಟುಗಳನ್ನು ಕೊಂಡರು. 1987ರಿಂದೀಚೆಗೆ ಹೀಗಾದದ್ದು ಅದೇ ಮೊದಲು. ಇದಕ್ಕೆ ಕಾರಣವನ್ನು ಪಂಡಿತರು ಬಗೆಬಗೆಯಾಗಿ ಊಹಿಸಲಿ, ನಾನು ಕಂಡುಕೊಂಡ ಕಾರಣ ಇಷ್ಟೇ: ಪ್ಲೇಟು ಸವೆಯುತ್ತದೆ. ಸಾಣೆಕಲ್ಲಿನ ಮೇಲೆ ತೇಯುವ ಶ್ರೀಗಂಧದ ಕೊರಡಿನಂತೆ, ಪ್ರತಿಯೊಂದು ಶ್ರವಣದಲ್ಲಿಯೂ ಅದು ತನ್ನ ಮೈಯ ಅಣುಮಾತ್ರವನ್ನು ನಮಗಾಗಿ ವ್ಯಯಿಸುತ್ತದೆ. ಎಷ್ಟು ಸಲ ಕೇಳಿದರೂ ಖರ್ಚಾಗದ ಹಾಡನ್ನು ಅಡುಗೆಯ ನಡುವೆ, ಪ್ರಯಾಣದ ನಡುವೆ, ಮಾತಿನ ನಡುವೆ ಕೇಳಬಹುದು. ಕೇಳಿದಷ್ಟೂ ಸವೆಯುವ ಹಾಡನ್ನು ಹಾಗೆ ಕೇಳಲು ಮನಸ್ಸು ಬಾರದು. ಕೆಲಸವನ್ನು ಬದಿಗಿಟ್ಟು, ಬಾಗಿಲನ್ನು ಮುಂದೆಳೆದು, ತದೇಕಚಿತ್ತನಾಗಿ ಕುಳಿತುಕೊಳ್ಳುವ ಸಂಸ್ಕಾರವನ್ನು ನನಗೆ ಕಲಿಸಿದ್ದು ಈ ಸವೆತವೇ.

ಗುರುವಾರದ ಜುಮ್ಮೇರಾತ್ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ಮತ್ತು ಮುರಿದ ಗಡಿಯಾರಗಳ ನಡುವೆ, ಹೊದಿಕೆಯಿಲ್ಲದ ಪ್ಲೇಟುಗಳು ಬಿಸಿಲಿಗೆ ಬಿದ್ದಿರುವುದನ್ನು ಕಂಡಾಗಲೆಲ್ಲ ನನ್ನ ಜೀವ ಮರುಗುತ್ತದೆ. ಕಲಬುರಗಿ, ರಾಯಚೂರು, ಬೀದರಗಳು ನಿಜಾಮರ ಸೀಮೆಯಲ್ಲಿದ್ದ ಕಾಲದಿಂದಲೂ ಈ ನಗರದಲ್ಲಿ ನೆಲೆಸಿದ ಕನ್ನಡ ಮನೆತನಗಳಿವೆ. ಅವರ ಅಟ್ಟಗಳ ಮೇಲೆ, ಹಿರಿಯರ ಟ್ರಂಕುಗಳಲ್ಲಿ, ಇಂತಹ ಪ್ಲೇಟುಗಳು ಇನ್ನೂ ಇರಬಹುದು. ಅವುಗಳ ಒಡೆಯರಲ್ಲಿ ನನ್ನ ವಿನಂತಿಯೊಂದಿದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿರಿ. ಚೈತ್ರ ವೈಶಾಖಗಳ ಬಿಸಿಲು ತಾಗಿದರೆ ವಿನೈಲು ಸೊಟ್ಟಗಾಗುತ್ತದೆ. 78ರ ಗೀರಿಗೂ ಎಲ್.ಪಿ.ಯ ಗೀರಿಗೂ ಅಗಲದಲ್ಲಿ ಬಹಳ ಅಂತರವಿರುವುದರಿಂದ ಒಂದರ ಮುಳ್ಳನ್ನು ಇನ್ನೊಂದಕ್ಕೆ ಇಡಬೇಡಿರಿ. ನಿಮಗೆ ಬೇಡವಾದರೆ ಗುಜರಿಗೆ ಹಾಕದೆ ಕೇಳುವವರಿಗೆ ಕೊಡಿರಿ. ಧೂಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ತೆಗೆಯಿರಿ. ಹಳೆಯ 78ರ ಪ್ಲೇಟುಗಳಿಗೆ ಮಾತ್ರ ಸ್ಪಿರಿಟ್ಟನ್ನು ಎಂದಿಗೂ ಮುಟ್ಟಿಸಬೇಡಿರಿ, ಅದು ಅರಗನ್ನು ಕರಗಿಸುತ್ತದೆ.