ಮುರಿದ ಸ್ಕ್ರೂ

ಫ್ಲಾರಿಡಾದಲ್ಲಿ ನನ್ನ ಮಗಳ ಹಿತ್ತಲಲ್ಲಿರುವುದು ಬಾಳೆಗಿಡವಲ್ಲ, ದೋಣಿ! ಓಡುವಾಗ ಅದರ ಮೂತಿ ತೀರ ಮೇಲೇಳದಂತೆ ಹಿಂಬದಿಗೆ ಎರಡು ಉಕ್ಕಿನ ರೆಕ್ಕೆ ಕೂರಿಸುತ್ತಾರೆ. ಟ್ರಿಮ್ ಟ್ಯಾಬ್ ಅಂತ ಹೆಸರು. ಅಳಿಯಂದಿರು ತಿರುಗಿಸುತ್ತಿದ್ದ ಸ್ಕ್ರೂ ಕಟಕ್ಕನೆ ಮುರಿದು ಅರ್ಧ ಒಳಗೇ ಉಳಿಯಿತು. ಸ್ಟೇನ್‌ಲೆಸ್ ಸ್ಟೀಲು ತುಕ್ಕಿಗೆ ಸುಲಭವಾಗಿ ಬಗ್ಗದು, ತೂತು ಬಿಗಿಯಾದರೆ ಮಾತ್ರ ತಿರುಚಿ ತುಂಡಾಗುತ್ತದೆ.

“ಪಕ್ಕದಲ್ಲೇ ಇನ್ನೊಂದು ತೂತು ಹಾಕ್ರೀ, ಭಾನುವಾರ ಮಗೂನ ಕರ್ಕೊಂಡು ಹೋಗ್ಬೇಕು” ಎಂದಳು ಮಗಳು. ಅವರು ಒಪ್ಪಲಿಲ್ಲ. ಈ ದೋಣಿಯ ಫೈಬರ್‌ಗ್ಲಾಸಿನೊಳಗೆ ಪ್ಲೈವುಡ್ ಇದೆ. ಹಳೇ ತೂತಿನಲ್ಲಿ ನೀರಿಳಿದರೆ ಹೊರಗೆ ಥಳಕು, ಒಳಗೆ ಕೊಳೆತ. ಎಷ್ಟೋ ಸಂಸಾರಗಳ ಹಾಗೆ! ಎಡಕ್ಕೆ ತಿರುಗುವ ಬೈರಿಗೆಯಿಂದ ನಿಧಾನವಾಗಿ ಕೊರೆದಾಗ ತುಂಡು ತಾನೇ ಸಡಿಲಾಗಿ ಈಚೆ ಬಂತು. ಎಪಾಕ್ಸಿ ತುಂಬಿ, ರಾತ್ರಿಯೆಲ್ಲ ಗಟ್ಟಿಯಾಗಲು ಬಿಟ್ಟು, ಬೆಳಿಗ್ಗೆ ಸರಿಯಳತೆಯ ತೂತು ಕೊರೆದರು. ಹೊಸ ಸ್ಕ್ರೂವಿಗೆ ಸೀಲಂಟ್ ಮೆತ್ತಿಕೊಟ್ಟವಳು ಮಗಳೇ.