ಗುಮ್ಮಟದ ಕೆಳಗೆ ನಾಲ್ಕು ಸಾಲು

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಲೋಕಲ್ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಮೂವರ ಸೀಟಿನ ಅಂಚಿಗೆ ನಾಲ್ಕನೆಯವನಾಗಿ ಒರಗಿ ಕೂರಲು ಸಿಕ್ಕರೂ ಸಾಕು, ಜೇಬಿನ ಸಣ್ಣ ನೋಟ್‌ಬುಕ್ ಹೊರಗೆ ಬರುತ್ತದೆ. ಅದರಲ್ಲಿ ನಾನು ಬರೆಯುವುದು ಲೇಖನವನ್ನಲ್ಲ, ಲೇಖನಕ್ಕೆ ಮುಂಚಿನ ಕಾಗದವನ್ನು. ‘ಮಾನ್ಯ ಸಂಪಾದಕರೇ, ಹೀಗೊಂದು ವಿಷಯವಿದೆ, ಬರೆಯಲೇ?’ ಎಂದು ಕೇಳುವ ನಾಲ್ಕೇ ಸಾಲು. ಠಾಣೆ ಬರುವಷ್ಟರಲ್ಲಿ ಮೊದಲ ಸಾಲು ಕುದುರಿದರೆ ಅಂದಿನ ದಿನ ಚೆನ್ನ. ಕೆಲವೊಮ್ಮೆ ಕುರ್ಲಾ, ದಾದರ್ ದಾಟಿದರೂ ಕುದುರುವುದಿಲ್ಲ. ಆಗ ಆ ವಿಷಯ ಇನ್ನೂ ಹಣ್ಣಾಗಿಲ್ಲವೆಂದು ತಿಳಿದು ಪುಟ ಮಗುಚುತ್ತೇನೆ.

ಕನ್ನಡದ ಪತ್ರಿಕೆಗಳಲ್ಲಿ ಹೀಗೆ ಮೊದಲೇ ಕೇಳಿ ಬರೆಯುವ ರೂಢಿ, ನಾನು ಕಂಡ ಮಟ್ಟಿಗೆ, ಕಡಿಮೆ. ‘ಬರೆದು ಕಳಿಸಿ, ನೋಡೋಣ’ ಎನ್ನುವುದೇ ವಾಡಿಕೆ. ಇದೇ ಊರಿನ ಇಂಗ್ಲಿಷ್ ಪತ್ರಿಕೆಗಳಿಗೆ ಬರೆಯುವ ಗೆಳೆಯರು ಒಪ್ಪಿಗೆ ಬರುವ ತನಕ ಪೆನ್ನು ಮುಟ್ಟುವುದಿಲ್ಲ. ಎರಡನ್ನೂ ನೋಡಿದ ಮೇಲೆ ನಾನು ಕಾಗದದ ಪಕ್ಷ ಸೇರಿದೆ. ಸಂಪಾದಕರ ಸಮಯ ಉಳಿಯುತ್ತದೆ ಎಂಬುದು ಸಣ್ಣ ಕಾರಣ. ನಾಲ್ಕು ಸಾಲಿನಲ್ಲಿ ಹೇಳಲಾಗದ ವಿಷಯವನ್ನು ನಾಲ್ಕು ಪುಟದಲ್ಲೂ ಹೇಳಲಾಗುವುದಿಲ್ಲ ಎಂಬುದು ದೊಡ್ಡ ಕಾರಣ.

ಇಮೇಲ್ ಬರುವ ಮುಂಚಿನ ವರ್ಷಗಳಲ್ಲಿ ಈ ಕಾಗದಗಳನ್ನು ಹಾಕಲು ನಾನು ಸಿಎಸ್‌ಎಂಟಿ ಪಕ್ಕದ ಜಿಪಿಒಗೇ ಹೋಗುತ್ತಿದ್ದೆ. ಮನೆಯ ಹತ್ತಿರ ಅಂಚೆಡಬ್ಬಿ ಇರಲಿಲ್ಲವೆಂದಲ್ಲ, ಆ ಕಟ್ಟಡದ ಮೋಹ. 1913ರಲ್ಲಿ ಪೂರ್ತಿಯಾದ ಅದರ ನಡುವಿನ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಂಬಜ್. ವಾಸ್ತುಶಿಲ್ಪಿ ಜಾನ್ ಬೆಗ್ ಅದನ್ನು ಅರಬ್ಬೀ ಕಡಲಿನ ಪಕ್ಕಕ್ಕೆ ತಂದು ನಿಲ್ಲಿಸಿದ. ತಲೆಯೆತ್ತಿ ಒಮ್ಮೆ ಆ ಗುಮ್ಮಟ ನೋಡಿ, ಬೆಂಗಳೂರಿಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಲಕೋಟೆಯನ್ನು ಡಬ್ಬಿಗೆ ಬಿಡುತ್ತಿದ್ದೆ. ಕನ್ನಡನಾಡಿನ ಗುಮ್ಮಟದ ಕೆಳಗಿನಿಂದಲೇ ಕನ್ನಡದ ಕಾಗದ ಹೊರಡುತ್ತಿದೆ ಎಂಬ ಸುಖ ನನಗೆ ಎಂದೂ ಹಳತಾಗಲಿಲ್ಲ. ಒಳಗೆ ಅಂಚೆಚೀಟಿ ಹಚ್ಚಿದ, ನನ್ನದೇ ವಿಳಾಸದ ಇನ್ನೊಂದು ಲಕೋಟೆ ಮಡಚಿ ಇಟ್ಟಿರುತ್ತಿತ್ತು. ಅದು ಮರಳಿ ಬರುವ ತನಕ ನಮ್ಮ ಮನೆಯ ಕಟ್ಟಡದ ಗೇಟಿನ ಅಂಚೆಪೆಟ್ಟಿಗೆಯನ್ನು ದಿನಕ್ಕೆರಡು ಸಲ ತೆರೆದು ನೋಡುವುದು.

ನನ್ನ ಮೊದಲ ಕಾಗದ ‘ಮುಂಬಯಿಯ ಉಡುಪಿ ಹೋಟೆಲುಗಳು’ ಎಂಬ ವಿಷಯದ್ದು. ಮೂರು ವಾರಕ್ಕೆ ಒಂದು ಕಾರ್ಡು ಬಂತು. ಉಡುಪಿ ಹೋಟೆಲುಗಳ ಬಗ್ಗೆ ಬೇಕಾದಷ್ಟು ಬಂದಿದೆ, ಅಲ್ಲಿ ನೀವು ಕಂಡ ಒಬ್ಬ ಮನುಷ್ಯ ಇದ್ದರೆ ಅವರ ಬಗ್ಗೆ ಬರೆಯಿರಿ ಎಂದಷ್ಟೇ ಅದರಲ್ಲಿತ್ತು. ಆ ಸಂಪಾದಕರನ್ನು ನಾನು ಮುಖತಃ ಕಾಣಲೇ ಇಲ್ಲ. ಬರವಣಿಗೆಯ ಬಗ್ಗೆ ನನಗೆ ಸಿಕ್ಕ ಇಡೀ ಪಾಠ ಆ ಕಾರ್ಡಿನಲ್ಲಿದೆ.

ಕಾರ್ಡು ಜೇಬಿಗಿಟ್ಟು ಮಾಟುಂಗಾಕ್ಕೆ ಹೋದೆ. 1942ರಿಂದ ಬಾಳೆಲೆ ಊಟ ಬಡಿಸುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದು ಅಲ್ಲೇ. ಅಲ್ಲಿಂದ ಸ್ವಲ್ಪ ದೂರದ ಒಂದು ಚಿಕ್ಕ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಹಿರಿಯರನ್ನು ಮಾತಿಗೆಳೆದೆ. ‘ನಮ್ಮ ಬಗ್ಗೆ ಎಂತ ಬರೀಲಿಕ್ಕುಂಟು ಮಾರಾಯ್ರೇ?’ ಎಂದರು. ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ತಾವಾಗಿಯೇ ಹೇಳತೊಡಗಿದರು. ಹದಿಮೂರಕ್ಕೆ ಊರು ಬಿಟ್ಟು ಬಂದದ್ದು, ಹಗಲಿಡೀ ಮೇಜು ಒರೆಸಿದ್ದು, ಸಂಜೆ ಅಂಗಿ ಬದಲಿಸಿ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಓಡಿದ್ದು, ನಿದ್ದೆ ಎಳೆದರೆ ಎದ್ದು ನಿಂತೇ ಪಾಠ ಕೇಳಿದ್ದು. ಆಮೇಲೆ ಗಲ್ಲಾದ ಕೆಳಗಿನ ಖಾನೆಯಿಂದ ಪ್ಲಾಸ್ಟಿಕ್ ಹೊದಿಕೆಯ ಒಂದು ಕಾಗದ ತೆಗೆದರು. ಮೆಟ್ರಿಕ್ಕಿನ ಅಂಕಪಟ್ಟಿ. ಬ್ಯಾಂಕಿನ ಕಾಗದ, ಲೈಸೆನ್ಸು ಎಲ್ಲ ಮನೆಯಲ್ಲಿ. ಇದು ಮಾತ್ರ ಇಲ್ಲೇ, ಕೈಗೆಟುಕುವ ಕಡೆ.

ಅವತ್ತು ಮರಳುವ ರೈಲಿನಲ್ಲಿ ಮುಲುಂಡ್ ಬರುವುದರೊಳಗೆ ನಾಲ್ಕು ಸಾಲು ಮುಗಿಯಿತು. ಅಂಕಪಟ್ಟಿಯಿಂದಲೇ ಶುರು ಮಾಡಿದ್ದೆ. ಈ ಸಲದ ಉತ್ತರ ಹತ್ತೇ ದಿನಕ್ಕೆ ಬಂತು: ಬರೆಯಿರಿ.

ದೂರದ ಸಂಪಾದಕರಿಗೆ ಮುಂಬಯಿ ಎಂದರೆ ಮೊದಲು ದೊಡ್ಡ ಊರು. ನಾವೂ ದೊಡ್ಡದನ್ನೇ ಕೊಡಹೋಗುತ್ತೇವೆ: ಸಿನಿಮಾ, ಶೇರುಪೇಟೆ, ಮಳೆಗೆ ಮುಳುಗಿದ ರಸ್ತೆ. ಹಾಸನದಲ್ಲೋ ಸಿರಸಿಯಲ್ಲೋ ಕೂತ ಓದುಗರಿಗೆ ಅದೆಲ್ಲ ಟಿವಿಯಲ್ಲಿ ಸಿಗುತ್ತದೆ. ಬಾಂದ್ರಾದ ಕಡಲಂಚಿನ ಮನೆಯಲ್ಲಿದ್ದುಕೊಂಡು ಕತೆಗಾರ ಯಶವಂತ ಚಿತ್ತಾಲರು ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ಈ ಊರಿನ ಸಣ್ಣ ಜನರ ಬಗ್ಗೆ ಜಯಂತ ಕಾಯ್ಕಿಣಿ ಬರೆದ ಕತೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ಲೇಖನ ಬರೆಯುವವನಿಗೂ ದಾರಿ ಅದೇ. ಊರು ದೊಡ್ಡದಾದಷ್ಟೂ ವಿಷಯ ಚಿಕ್ಕದಿರಬೇಕು.

ಇನ್ನು ಕಾಲದ ಮಾತು. ದೀಪಾವಳಿ ವಿಶೇಷಾಂಕಕ್ಕೆ ಏನಾದರೂ ಕೇಳುವುದಿದ್ದರೆ ಮುಂಬಯಿಗೆ ಮೊದಲ ಮಳೆ ಬಿದ್ದ ವಾರವೇ ಕೇಳಬೇಕು. ನವರಾತ್ರಿಗೆ ನೆನಪಾದರೆ ಪ್ರಯೋಜನವಿಲ್ಲ. ಈ ಶಿಸ್ತನ್ನು ನಾನು ಮರಾಠಿ ಗೆಳೆಯರಿಂದ ಕಲಿತೆ. ಕಾಶೀನಾಥ ರಘುನಾಥ ಮಿತ್ರರ ‘ಮನೋರಂಜನ’ ಪತ್ರಿಕೆ 1909ರಲ್ಲಿ ಮೊದಲ ದಿವಾಳಿ ಅಂಕ ತಂದಲ್ಲಿಂದ ಅವರಿಗೆ ಅದು ಹಬ್ಬದ ಫರಾಳದಷ್ಟೇ ಸಹಜ. ದೀಪಾವಳಿಯ ದಿನಗಳಲ್ಲಿ ದಾದರ್ ಸ್ಟೇಷನ್ನಿನ ಹೊರಗಿನ ಪತ್ರಿಕೆಯಂಗಡಿಗಳ ಮುಂದೆ ನಿಂತರೆ ಕಾಲು ಕೀಳಲು ಮನಸ್ಸಾಗುವುದಿಲ್ಲ.

ಯಾರಿಗೆ ಕೇಳುತ್ತೇವೆ ಎಂಬುದೂ ಗೊತ್ತಿರಬೇಕು. ‘ಕಸ್ತೂರಿ’ಗೆ ಒಪ್ಪುವುದು ‘ತರಂಗ’ಕ್ಕೆ ಒಪ್ಪಲಿಕ್ಕಿಲ್ಲ, ‘ಮಯೂರ’ದ ಓದುಗರ ಬಿಡುವು ಬೇರೆ, ‘ಸುಧಾ’ದ ಓದುಗರ ಬಿಡುವು ಬೇರೆ. ಇಲ್ಲಿಯವೇ ಆದ ‘ಕರ್ನಾಟಕ ಮಲ್ಲ’, ‘ಮೊಗವೀರ’, ‘ಅಕ್ಷಯ’ಗಳ ಓದುಗರಿಗಂತೂ ಮಾಟುಂಗಾ ಎಲ್ಲಿದೆ ಎಂದು ವಿವರಿಸಬೇಕಿಲ್ಲ. ನಾಲ್ಕಾರು ಸಂಚಿಕೆ ಓದದೆ ಯಾವ ಪತ್ರಿಕೆಗೂ ಕಾಗದ ಹಾಕಬಾರದು. ಒಂದೇ ವಿಷಯವನ್ನು ಏಕಕಾಲಕ್ಕೆ ಇಬ್ಬರ ಮುಂದಿಡಲೂಬಾರದು. ಸಂಭಾವನೆ ಎಷ್ಟು ಬಂದರೂ, ಎಂದು ಬಂದರೂ, ಈ ಎರಡು ಮಾತು ತಪ್ಪಬಾರದು.

ಈಗ ಎಲ್ಲವೂ ಫೋನಿನಲ್ಲಿ. ಕಾಗದ ಕ್ಷಣದಲ್ಲಿ ಹೋಗಿ ತಲುಪುತ್ತದೆ, ಉತ್ತರ ಮಾತ್ರ ಎಷ್ಟೋ ಸಲ ಬರುವುದೇ ಇಲ್ಲ. ನಾಲ್ಕು ಸಾಲು ಬರೆದ ಹೊಸಬರು ತಿಂಗಳುಗಟ್ಟಲೆ ಪರದೆ ನೋಡುತ್ತ ಕೂರುತ್ತಾರೆ. ಸಂಪಾದಕರ ಮೇಜಿನ ಮೇಲಿನ ಹೊರೆ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಕೇಳಿಕೊಳ್ಳುತ್ತೇನೆ: ಬೇಡವೆಂದಾದರೆ ಬೇಡವೆಂದು ಒಂದು ಸಾಲು ಬರೆಯಿರಿ. ಆಗುವಂತಿದ್ದರೆ, ಏಕೆ ಬೇಡ ಎಂದು ಇನ್ನೊಂದು ಸಾಲು. ನನಗೆ ಬಂದ ಆ ಕಾರ್ಡು ಇಂದಿಗೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ.