ಎಂದಿಗೂ ಇಲ್ಲ

ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ನನ್ನ ಅಕ್ಕನ ಮಗಳು ಕಳೆದ ತಿಂಗಳು ಪ್ರಶ್ನಾವಳಿಯ ಕಟ್ಟು ಹಿಡಿದು ಮನೆಗೆ ಬಂದಳು. ಊರು ಬಿಟ್ಟು ಬೆಂಗಳೂರಿಗೆ ಬಂದವರು ಪ್ರತಿಭಟನೆಗೆ ಇಳಿಯುತ್ತಾರೆಯೇ ಎಂಬುದು ಅವಳ ವಿಷಯ. "ಮಾಮೂ, ಕಾಮಾಕ್ಷಿಪಾಳ್ಯದಲ್ಲಿ ನಿಮ್ಮನ್ನು ಎಲ್ಲರೂ ಬಲ್ಲರು, ಜೊತೆಗೆ ಬನ್ನಿ" ಎಂದಳು. ಹೋದೆ.

ಮೊದಲ ಮನೆ, ಹಿಂದಿನ ವಠಾರದ ಗಾರ್ಮೆಂಟ್ಸ್ ಅಕ್ಕನದು. ಶಿರಾ ಕಡೆಯವರು. ಬೆಂಗಳೂರಿಗೆ ಏಕೆ ಬಂದಿರಿ ಎಂದರೆ "ಮದುವೆಯಾಗಿ" ಎಂದರು. ಹುಡುಗಿ ಗುರುತು ಹಾಕಿದಳು. ಜನಗಣತಿಯ ಕ್ರಮವೂ ಇದೇ. ಕೆಲಸ, ವ್ಯಾಪಾರ, ವಿದ್ಯಾಭ್ಯಾಸ, ಮದುವೆ ಎಂದು ಪಟ್ಟಿಯಿರುತ್ತದೆ. ಒಬ್ಬರಿಗೆ ಒಂದೇ ಕಾರಣ. 2011ರ ಲೆಕ್ಕದಲ್ಲೂ ವಲಸೆ ಬಂದ ಹೆಂಗಸರಲ್ಲಿ ಹೆಚ್ಚಿನವರು 'ಮದುವೆ'ಯ ಕೆಳಗೇ ಇದ್ದಾರೆ. ಆದರೆ ಈ ಅಕ್ಕ ಬಂದ ಮೂರನೇ ತಿಂಗಳಿಗೇ ಪೀಣ್ಯದಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು. ಮನೆ ನಡೆದದ್ದು ಆ ಸಂಬಳದಲ್ಲೇ.

ಪ್ರತಿಭಟನೆಯ ಪ್ರಶ್ನೆ ಬಂತು. ಹಲವು ದೇಶಗಳಲ್ಲಿ ನಡೆಯುವ ವಿಶ್ವ ಮೌಲ್ಯ ಸಮೀಕ್ಷೆಯಿಂದ ಅವಳು ಎತ್ತಿಕೊಂಡದ್ದು: ಭಾಗವಹಿಸಿದ್ದೇನೆ, ಭಾಗವಹಿಸಬಹುದು, ಎಂದಿಗೂ ಇಲ್ಲ.

"ಅಯ್ಯೋ, ಅಂಥದ್ದಕ್ಕೆಲ್ಲ ನಾವು ಹೋಗೋರಲ್ಲ ಮಗಾ."

ಮೂರನೆಯದಕ್ಕೆ ಗುರುತು ಬಿತ್ತು. ಕಾಗದ ಚೀಲ ಸೇರಿತು, ಚಹಾ ಬಂತು. ಪಿ.ಎಫ್. ಮಾತು ಹೇಗೋ ಎದ್ದಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು, ಯಾವ ಸಂಘದ ಕರೆಗೂ ಕಾಯದೆ, ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಕಲ್ಲು, ಲಾಠಿ, ಬೆಂಕಿ ಎಲ್ಲವೂ ಆಯಿತು. 19ರಂದೇ ನಿಯಮ ವಾಪಸ್ಸಾಯಿತು.

"ಜಾಲಹಳ್ಳಿ ಕ್ರಾಸಲ್ಲಿ ಬಿಸಿಲಿಗೆ ಕೂತಿದ್ದೆ ಭಾಯಿ. ಒಂದು ಚಪ್ಪಲಿ ಕಳ್ಕೊಂಡು ಮನೆಗೆ ಬಂದೆ" ಎಂದು ಅಕ್ಕ ನಕ್ಕರು.

ಹುಡುಗಿ ಕಾಗದ ಹೊರತೆಗೆದಳು.

"ಬೇಡ ಮಗಾ. ಅದು ನಮ್ಮ ದುಡ್ಡು ನಾವು ಕೇಳಿದ್ದು. ಪ್ರತಿಭಟನೆ ಅಂತ ಬರೀಬೇಡ. ಆಮೇಲೆ ಎಷ್ಟೋ ಜನರ ಮೇಲೆ ಕೇಸಾಯ್ತು."

ಹಿಂತಿರುಗುವಾಗ ಹುಡುಗಿಗೆ ಸಿಟ್ಟು. ಹೀಗಾದರೆ ನನ್ನ ಅಂಕಿ ಅಂಶ ಯಾತಕ್ಕೆ ಬಂತು ಎಂದಳು. 'ಪ್ರತಿಭಟನೆ' ಎಂಬ ಶಬ್ದ ಬಿಡು, ಯಂತ್ರ ನಿಲ್ಲಿಸಿ ಎಂದಾದರೂ ಹೊರಗೆ ಬಂದಿದ್ದಿರಾ ಎಂದು ಕೇಳು ಎಂದೆ. ಕತೆ ಬರೆಯುವವರಿಗೆ ಉಪದೇಶ ಬೇಗ ಒದಗುತ್ತದೆ ನೋಡಿ.

"ಸರಿ, ಈಗ ನಿಮ್ಮದು ಹೇಳಿ" ಎಂದಳು.

2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಜನ ಸೇರುತ್ತಿದ್ದ ದಿನ, ಬೆಂಗಳೂರಿನಲ್ಲಿ 144ನೇ ಸೆಕ್ಷನ್ ಜಾರಿಯಲ್ಲಿತ್ತು. ಟೌನ್ ಹಾಲ್ ಮುಂದೆ ನಾನೂ ಇದ್ದೆ. ಮನೆಯಲ್ಲಿ ಅಮ್ಮೀ ಕಬ್ಬಿಣದ ಪೆಟ್ಟಿಗೆ ಬಗ್ಗಿಸಿ ಅಬ್ಬಾನ ಶಾಲೆಯ ಸರ್ಟಿಫಿಕೇಟು ಹುಡುಕುತ್ತಿದ್ದರು. ಇದೆಲ್ಲ ಈ ಹುಡುಗಿಗೂ ಗೊತ್ತು.

"ಎಂದಿಗೂ ಇಲ್ಲ ಅಂತ ಹಾಕು" ಎಂದೆ.

ಅವಳು ನನ್ನ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದಳು.